ಮೇರಿ ಕ್ಯೂರಿ ಮತ್ತು ನಮ್ಮೂರಿನ ‘ಕರೆಂಟ್’

ವಾರ್ಸಾದಲ್ಲಿ ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿದ್ದ ಕಾಲವದು. 1867ರಲ್ಲಿ ಅಲ್ಲಿ ಹುಟ್ಟಿದ ಮೇರಿ, ಅಕ್ಕನ ವೈದ್ಯಕೀಯ ಓದಿಗೆ ಹಣ ಕಳಿಸಲು ಬೇರೆಯವರ ಮನೆಯಲ್ಲಿದ್ದುಕೊಂಡು ಮಕ್ಕಳಿಗೆ ಪಾಠ ಹೇಳಿದರು. 1891ರಲ್ಲಿ ತಾವೂ ಓದಲು ಪ್ಯಾರಿಸ್‌ಗೆ ಹೋದರು.

1898ರಲ್ಲಿ ಪತಿ ಪಿಯರ್ ಜೊತೆಗೂಡಿ ಪೊಲೋನಿಯಂ, ರೇಡಿಯಂ ಎಂಬ ಧಾತುಗಳನ್ನು ಕಂಡುಹಿಡಿದರು. ಸೋರುವ ಶೆಡ್ಡಿನಲ್ಲಿ ಟನ್‌ಗಟ್ಟಲೆ ಅದಿರನ್ನು ಕುದಿಸಿ ಸೋಸಿ, 1902ರಲ್ಲಿ ಪಡೆದದ್ದು ಗ್ರಾಂನ ಹತ್ತನೇ ಒಂದು ಭಾಗದಷ್ಟು ರೇಡಿಯಂ ಲವಣ. 1903ರಲ್ಲಿ ಭೌತವಿಜ್ಞಾನದ ನೊಬೆಲ್ ಬಂತು. 1906ರಲ್ಲಿ ಪಿಯರ್ ಕುದುರೆಗಾಡಿಗೆ ಸಿಕ್ಕಿ ತೀರಿಕೊಂಡರು. 1911ರಲ್ಲಿ ರಸಾಯನವಿಜ್ಞಾನದ ನೊಬೆಲ್ ಮೇರಿ ಒಬ್ಬರಿಗೇ ಬಂತು. ಮೊದಲ ಮಹಾಯುದ್ಧದಲ್ಲಿ ಎಕ್ಸ್-ರೇ ವಾಹನಗಳನ್ನು ಸಜ್ಜುಗೊಳಿಸಿ ಗಾಯಾಳು ಸೈನಿಕರ ಬಳಿಗೆ ಕೊಂಡೊಯ್ದರು. ರೇಡಿಯಂಗೆ ಪೇಟೆಂಟ್ ಮಾತ್ರ ಪಡೆಯಲಿಲ್ಲ.

ವರ್ಷಗಟ್ಟಲೆ ವಿಕಿರಣದ ನಡುವೆಯೇ ಬದುಕಿದ್ದರಿಂದ ಅವರ ಬೆರಳ ತುದಿಗಳು ಸುಟ್ಟಿದ್ದವು. 1934ರ ಜುಲೈ 4ರಂದು ಅವರು ತೀರಿಕೊಂಡಾಗ, ಮೂಳೆಮಜ್ಜೆಗೆ ಸಾಕಷ್ಟು ರಕ್ತ ತಯಾರಿಸುವ ಶಕ್ತಿಯೇ ಉಳಿದಿರಲಿಲ್ಲ.

ಅದೇಕೆಂದು ಇವತ್ತು ಗೊತ್ತಿದೆ. ಜೀವಕೋಶದೊಳಗಿನ ಡಿಎನ್‌ಎ ಎರಡೆಳೆಯ ಹಗ್ಗವಿದ್ದಂತೆ. ಒಂದೆಳೆ ತುಂಡಾದರೆ ಇನ್ನೊಂದನ್ನು ನೋಡಿಕೊಂಡು ಕೋಶವೇ ಅದನ್ನು ಸರಿಮಾಡುತ್ತದೆ. ವಿಕಿರಣ ಎರಡನ್ನೂ ಕತ್ತರಿಸಬಲ್ಲದು. ಆಗ ಕೋಶ ಎರಡಾಗಿ ಒಡೆಯುವ ಕೆಲಸವನ್ನು ನಿಲ್ಲಿಸಿ ದುರಸ್ತಿಗೆ ಇಳಿಯುತ್ತದೆ. ಪಿ53 ಎಂಬ ಪ್ರೋಟೀನ್ ಇದರ ಮೇಸ್ತ್ರಿ. ದುರಸ್ತಿ ಆಗದಷ್ಟು ಹಾನಿಯಾಗಿದ್ದರೆ ಕೋಶ ತನ್ನನ್ನು ತಾನೇ ಕೊನೆಗೊಳಿಸಿಕೊಳ್ಳುತ್ತದೆ. ಸದಾ ಒಡೆಯುತ್ತಲೇ ಇರುವ ಮಜ್ಜೆಯ ಕೋಶಗಳಿಗೆ ಪೆಟ್ಟು ಬೇಗ ತಗಲುತ್ತದೆ. ಡಿಎನ್‌ಎ ದುರಸ್ತಿಯ ಬಗೆಯನ್ನು ಬಿಡಿಸಿ ತೋರಿಸಿದ ಲಿಂಡಾಲ್, ಮೋಡ್ರಿಚ್, ಸಂಜಾರ್ ಅವರಿಗೆ 2015ರಲ್ಲಿ ನೊಬೆಲ್ ಸಿಕ್ಕಿತು.

ಮೇರಿಯ ಪ್ರಾಣ ತೆಗೆದ ವಿಕಿರಣವೇ ಇಂದು ಎಷ್ಟೋ ಪ್ರಾಣ ಉಳಿಸುತ್ತಿದೆ. ನಮ್ಮ ಕೊಪ್ಪ, ಶೃಂಗೇರಿ, ಎನ್.ಆರ್.ಪುರ ಕಡೆ ಅದಕ್ಕೆ ‘ಕರೆಂಟ್ ಕೊಡಿಸೋದು’ ಎನ್ನುತ್ತಾರೆ. ಅದಕ್ಕಾಗಿ ಹಲವರು ಘಟ್ಟ ಇಳಿದು ಮಣಿಪಾಲಕ್ಕೋ ಮಂಗಳೂರಿಗೋ ಹೋಗಿ ವಾರಗಟ್ಟಲೆ ಉಳಿಯುತ್ತಾರೆ. ಒಂದೇ ದಿನ ಕೊಟ್ಟು ಮುಗಿಸಬಾರದೇ ಎಂದು ಕೇಳುವವರಿದ್ದಾರೆ. ಸಾಮಾನ್ಯವಾಗಿ ಹಾಗೆ ಕೊಡುವುದಿಲ್ಲ. ದಿನಕ್ಕಿಷ್ಟೇ ಎಂದು ಕೊಟ್ಟರೆ ಮರುದಿನದೊಳಗೆ ಒಳ್ಳೆಯ ಕೋಶಗಳು ಬಹುಪಾಲು ಸುಧಾರಿಸಿಕೊಳ್ಳುತ್ತವೆ. ದುರಸ್ತಿಯ ವ್ಯವಸ್ಥೆಯೇ ಕೆಟ್ಟಿರುವ ಹಲವು ಕ್ಯಾನ್ಸರ್ ಕೋಶಗಳಿಗೆ ಅದು ಆಗುವುದಿಲ್ಲ. ನಡುವೆ ಬಿಟ್ಟರೆ ಅವು ಮತ್ತೆ ಬೆಳೆಯುತ್ತವೆ. ಆದ್ದರಿಂದ ಅಡಿಕೆ ಕೊಯ್ಲು ಬಂತೆಂದು ಚಿಕಿತ್ಸೆ ಅರ್ಧಕ್ಕೆ ಬಿಟ್ಟು ಊರಿಗೆ ಬರಬೇಡಿ. ಕೊಯ್ಲಿನ ಕೆಲಸ ನಾವು ಹುಡುಗರು ನೋಡಿಕೊಳ್ಳುತ್ತೇವೆ.