ಯೊಹಾನ್ನೆಸ್ ಕೆಪ್ಲರನು

ದೇವರು ಮನುಷ್ಯನಿಗೆ ದಯಪಾಲಿಸಿದ ಇಂದ್ರಿಯಗಳಲ್ಲಿ ಕಣ್ಣೇ ಪ್ರಧಾನವಾದುದೆಂದು ಎಲ್ಲರೂ ಒಪ್ಪುವರು. ಆದರೆ ಆ ಕಣ್ಣು ನೋಡುವ ಬಗೆಯನ್ನು ಲೋಕಕ್ಕೆ ಮೊದಲು ಸರಿಯಾಗಿ ತಿಳಿಸಿಕೊಟ್ಟವನು ತಾನೇ ಮಂದದೃಷ್ಟಿಯುಳ್ಳವನಾಗಿದ್ದನೆಂಬುದು ಬಹುಮಂದಿಗೆ ತಿಳಿಯದು. ಆತನೇ ಯೊಹಾನ್ನೆಸ್ ಕೆಪ್ಲರನು.

ಕೆಪ್ಲರನು ಜರ್ಮನಿ ದೇಶದ ವೈಲ್ ಎಂಬ ಚಿಕ್ಕ ಪಟ್ಟಣದಲ್ಲಿ 1571ನೆಯ ಇಸವಿ ಡಿಸೆಂಬರ್ 27ರಂದು ಹುಟ್ಟಿದನು. ತಂದೆಯು ಸಂಬಳದ ಸಿಪಾಯಿಯಾಗಿ ಪರರಾಜ್ಯಗಳ ಯುದ್ಧಗಳಿಗೆ ಹೋಗುತ್ತಿದ್ದು, ಕಡೆಗೊಮ್ಮೆ ಹೋದವನು ಹಿಂದಿರುಗಲೇ ಇಲ್ಲ. ಎಳೆತನದಲ್ಲಿಯೇ ಸಿಡುಬು ತಗಲಿ ಬಾಲಕನ ಕೈಗಳೂ ಕಣ್ಣುಗಳೂ ಬಲಗುಂದಿದವು. ದೂರದ ವಸ್ತುಗಳು ಅವನಿಗೆ ಮಸುಕಾಗಿ ತೋರುತ್ತಿದ್ದವು. ಆದರೂ 1577ರಲ್ಲಿ ಆಕಾಶದಲ್ಲಿ ಧೂಮಕೇತುವು ಮೂಡಿದಾಗ, ಐದು ವರ್ಷದ ಮಗನನ್ನು ತಾಯಿಯು ಎತ್ತರವಾದ ಸ್ಥಳಕ್ಕೆ ಕರೆದುಕೊಂಡು ಹೋಗಿ ಅದನ್ನು ತೋರಿಸಿದಳು. ಆ ನೋಟವನ್ನು ಅವನು ಎಂದಿಗೂ ಮರೆಯಲಿಲ್ಲ.

ಬಡ ಹುಡುಗನಾದರೂ ಬುದ್ಧಿಶಾಲಿಯಾದುದರಿಂದ ವಿದ್ಯಾರ್ಥಿವೇತನವನ್ನು ಪಡೆದು, ಬೋಧಕನಾಗಬೇಕೆಂಬ ಇಚ್ಛೆಯಿಂದ ಟ್ಯೂಬಿಂಗನ್ ವಿದ್ಯಾಪೀಠದಲ್ಲಿ ದೈವಜ್ಞಾನವನ್ನು ಕಲಿತನು. 1843ರಲ್ಲಿ ಮಂಗಳೂರಿನಿಂದ ಕನ್ನಡದ ಮೊದಲನೆಯ ವೃತ್ತಪತ್ರಿಕೆಯನ್ನು ಹೊರಡಿಸಿದ ಮೋಗ್ಲಿಂಗ್ ಪಾದ್ರಿಗಳೂ ಅದೇ ವಿದ್ಯಾಪೀಠದವರೆಂಬುದನ್ನು ಇಲ್ಲಿ ನೆನೆಯಬಹುದು. ಆದರೆ 1594ರಲ್ಲಿ ಕೆಪ್ಲರನನ್ನು ಗ್ರಾಟ್ಸ್ ಪಟ್ಟಣಕ್ಕೆ ಗಣಿತದ ಉಪಾಧ್ಯಾಯನನ್ನಾಗಿ ಕಳುಹಿಸಿದರು. ಮೊದಲು ವ್ಯಸನಪಟ್ಟರೂ, ಸೃಷ್ಟಿಯ ನಿಯಮಗಳನ್ನು ಅರಿಯುವುದೂ ಸೃಷ್ಟಿಕರ್ತನ ಸೇವೆಯೇ ಎಂದು ಆತನು ಮನಗಂಡನು.

1600ರ ಜುಲೈ ತಿಂಗಳಲ್ಲಿ ಸೂರ್ಯಗ್ರಹಣವನ್ನು ಸಣ್ಣ ರಂಧ್ರದ ಮೂಲಕ ಬೆಳಕನ್ನು ಬಿಟ್ಟು ಪರೀಕ್ಷಿಸುವಾಗ, ಬೆಳಕು ಬಿಂಬವನ್ನು ಮೂಡಿಸುವ ಕ್ರಮವೇನೆಂಬ ಪ್ರಶ್ನೆಯು ಅವನನ್ನು ಹಿಡಿಯಿತು. ಅದೇ ವರ್ಷ ತನ್ನ ಸುಧಾರಿತ ಮತವನ್ನು ಬಿಡಲೊಲ್ಲದೆ ಗ್ರಾಟ್ಸಿನಿಂದ ಹೊರಡಬೇಕಾಯಿತು. ಪ್ರಾಗ್ ನಗರದಲ್ಲಿ ನೆಲೆಸಿ, 1604ರಲ್ಲಿ ಆ ಪ್ರಶ್ನೆಗೆ ಉತ್ತರವನ್ನು ಗ್ರಂಥರೂಪವಾಗಿ ಪ್ರಕಟಿಸಿದನು.

ಪೂರ್ವಕಾಲದ ಗ್ರೀಕರಲ್ಲಿ ಅನೇಕರು ಕಣ್ಣಿನಿಂದಲೇ ಕಿರಣಗಳು ಹೊರಡುತ್ತವೆಂದು ನಂಬಿದ್ದರು. ಅರಬ್ಬೀ ಪಂಡಿತನಾದ ಇಬ್ನ್ ಅಲ್ ಹೈಥಮನು ಬೆಳಕು ವಸ್ತುಗಳಿಂದ ಕಣ್ಣಿಗೆ ಬರುತ್ತದೆಂದು ಹನ್ನೊಂದನೆಯ ಶತಮಾನದಲ್ಲಿ ಸ್ಥಾಪಿಸಿದನು. ಕಣ್ಣಿನೊಳಗೆ ಆಗುವುದೇನೆಂಬುದನ್ನು ಕೆಪ್ಲರನು ತೋರಿಸಿದನು. ವಸ್ತುವಿನ ಒಂದೊಂದು ಬಿಂದುವಿನಿಂದಲೂ ಬೆಳಕು ಎಲ್ಲಾ ದಿಕ್ಕುಗಳಿಗೆ ಹರಡುತ್ತದೆ. ಅದರಲ್ಲಿ ಕಣ್ಣಿನ ಪಾಪೆಯನ್ನು ಹೊಕ್ಕ ಕಿರಣಗಳು ಮುಂಭಾಗದ ಪಾರದರ್ಶಕ ಪೊರೆಯಲ್ಲಿಯೂ ಒಳಗಣ ಮಸೂರದಲ್ಲಿಯೂ ಬಾಗಿ, ಹಿಂಭಾಗದ ಅಕ್ಷಿಪಟಲದ ಮೇಲೆ ಪುನಃ ಒಂದೇ ಬಿಂದುವಿನಲ್ಲಿ ಕೂಡುತ್ತವೆ. ಹೀಗೆ ಬಿಂದುವಿಗೆ ಬಿಂದು ಸೇರಿ ಚಿತ್ರವಾಗುತ್ತದೆ. ಕತ್ತಲೆ ಕೋಣೆಯ ಕಿಟಕಿಯ ರಂಧ್ರದಿಂದ ಹೊರಗಣ ಮರವು ಗೋಡೆಯ ಮೇಲೆ ತಲೆಕೆಳಗಾಗಿ ಮೂಡುವಂತೆ, ಈ ಚಿತ್ರವೂ ತಲೆಕೆಳಗಾಗಿಯೇ ಇರುತ್ತದೆ. ಅದನ್ನು ನೆಟ್ಟಗೆ ಗ್ರಹಿಸುವುದು ಮನಸ್ಸಿನ ಕಾರ್ಯ.

ಕನ್ನಡಕಗಳು ಇಟಲಿಯಲ್ಲಿ ಬಳಕೆಗೆ ಬಂದು ಆಗಲೇ ಮುನ್ನೂರು ವರ್ಷಗಳಾಗಿದ್ದರೂ ಅವುಗಳ ಗುಟ್ಟು ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ತನ್ನಂಥವರ ಕಣ್ಣಿನಲ್ಲಿ ಕಿರಣಗಳು ಅಕ್ಷಿಪಟಲವನ್ನು ಮುಟ್ಟುವ ಮೊದಲೇ ಕೂಡಿಬಿಡುತ್ತವೆಂದೂ, ನಡುವೆ ತಗ್ಗಾದ ಗಾಜು ಅವುಗಳನ್ನು ತುಸು ಅಗಲಿಸಿ ಸರಿಯಾದ ಸ್ಥಳಕ್ಕೆ ಸೇರಿಸುತ್ತದೆಂದೂ ಕೆಪ್ಲರನು ವಿವರಿಸಿದನು.

ಗ್ರಹಗಳ ಚಲನೆಯ ಮೂರು ನಿಯಮಗಳಿಂದ ಆತನ ಕೀರ್ತಿಯು ಹಬ್ಬಿತು. ಆದರೆ 1615ರಲ್ಲಿ ಅವನ ವೃದ್ಧ ತಾಯಿಯ ಮೇಲೆ ಮಾಟಗಾತಿಯೆಂಬ ಅಪವಾದವು ಬಂದು, 1620ರಲ್ಲಿ ಆಕೆಯನ್ನು ಸೆರೆಯಲ್ಲಿಟ್ಟರು. ಮಗನು ದೂರದಿಂದ ಬಂದು, ಒಂದೊಂದು ಆರೋಪವನ್ನೂ ಬಿಡಿಸಿ ಪರೀಕ್ಷಿಸಿ ಉತ್ತರ ಬರೆಸಿದನು. 1621ರಲ್ಲಿ ಆಕೆಗೆ ಬಿಡುಗಡೆಯಾಯಿತು. ಧೂಮಕೇತುವನ್ನು ತೋರಿಸಿದ ತಾಯಿಗೆ ಮಗನು ಸಲ್ಲಿಸಿದ ಸೇವೆ ಇದು. ಕೆಪ್ಲರನು 1630ರ ನವೆಂಬರ್ 15ರಂದು ರೇಗನ್ಸ್‌ಬುರ್ಗಿನಲ್ಲಿ ತೀರಿಕೊಂಡನು.

ತಂದೆತಾಯಿಗಳಲ್ಲಿ ನನ್ನದೊಂದು ವಿಜ್ಞಾಪನೆಯುಂಟು. ಕರಿಹಲಗೆಯ ಅಕ್ಷರ ಕಾಣದೆ ಸುಮ್ಮನೆ ಕುಳಿತ ಹುಡುಗಿಯನ್ನು ಮಂದಬುದ್ಧಿಯವಳೆಂದು ಎಣಿಸುವುದುಂಟು. ಕನ್ನಡಕ ಧರಿಸಿದರೆ ರೂಪವು ಕೆಟ್ಟು ವಿವಾಹಕ್ಕೆ ಅಡ್ಡಿಯಾದೀತೆಂದು ಅಂಜುವವರೂ ಉಂಟು. ಕಣ್ಣಿನ ಕುಂದು ಬುದ್ಧಿಯ ಕುಂದಲ್ಲವೆಂಬುದಕ್ಕೆ ಕೆಪ್ಲರನ ಜೀವಮಾನವೇ ಸಾಕ್ಷಿ. ದಯವಿಟ್ಟು ನಿಮ್ಮ ಹೆಣ್ಣುಮಕ್ಕಳ ಕಣ್ಣುಗಳನ್ನು ಪರೀಕ್ಷೆ ಮಾಡಿಸಿರಿ.