ಪ್ರೊ. ಎಂ.ವಿ. ಗೋಪಾಲಸ್ವಾಮಿ: ಅಳತೆ ಮತ್ತು ಅಭ್ಯಾಸ

ಕನ್ನಡದ ಸಾಂಸ್ಕೃತಿಕ ಚರಿತ್ರೆಯಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿ ಅವರ ಹೆಸರು ಬರುವುದು ಬಹುಮಟ್ಟಿಗೆ ಬಾನುಲಿಯ ಸಂದರ್ಭದಲ್ಲಿ. 1935ರ ಸೆಪ್ಟೆಂಬರ್ 10ರಂದು ಮೈಸೂರಿನ ತಮ್ಮ ಮನೆಯಿಂದ 30 ವ್ಯಾಟ್‌ನ ಪುಟ್ಟ ಪ್ರೇಷಕದ ಮೂಲಕ ಅವರು ಪ್ರಸಾರ ಆರಂಭಿಸಿದ ಸಂಗತಿ ವಿದ್ವಾಂಸರಿಗೆ ಹೊಸದಲ್ಲ. ಆದರೆ ಅವರ ವೃತ್ತಿ ಮನೋವಿಜ್ಞಾನ. ಆ ಮುಖವನ್ನು ನಮ್ಮ ಬರಹಗಳು ಒಂದೆರಡು ವಾಕ್ಯಗಳಲ್ಲಿ ಮುಗಿಸಿಬಿಡುತ್ತವೆ.

ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಬಳಿ ಸಂಶೋಧನೆ ನಡೆಸಿದರು. ಭಿನ್ನ ಪರೀಕ್ಷೆಗಳ ಅಂಕಗಳ ನಡುವಣ ಸಹಸಂಬಂಧವನ್ನು ಗಣಿಸಿ, ಅವೆಲ್ಲದರ ಹಿಂದೆ ಒಂದು ಸಾಮಾನ್ಯ ಬುದ್ಧಿಶಕ್ತಿ ಇದೆಯೆಂದು 1904ರಲ್ಲಿ ಪ್ರತಿಪಾದಿಸಿದವರು ಸ್ಪಿಯರ್‌ಮನ್. ಒಂದೇ ಬಾರಿಯ ಅಳತೆಯಲ್ಲಿ ಆಕಸ್ಮಿಕ ದೋಷ ಬೆರೆತಿರುತ್ತದೆ; ಅಳತೆಯನ್ನು ಮರುಕಳಿಸಿದಷ್ಟೂ ಸರಾಸರಿಯ ವಿಶ್ವಸನೀಯತೆ ಹೆಚ್ಚುತ್ತದೆ ಎಂಬುದು ಆ ಗಣಿತದ ಆಧಾರ. ಆದರೆ ಮನಸ್ಸು ತಕ್ಕಡಿಯ ಕಲ್ಲಲ್ಲ; ಮರುಕಳಿಸಿದ ಪರೀಕ್ಷೆಯಲ್ಲಿ ಅದು ಕಲಿಯುತ್ತದೆ. ಆ ಕಾಲದ ಪ್ರಯೋಗಶಾಲೆಗಳಲ್ಲಿ ರೂಢಿಯಲ್ಲಿದ್ದ ಕನ್ನಡಿ-ರೇಖನವನ್ನೇ ನೋಡಬಹುದು. ಕನ್ನಡಿಯಲ್ಲಷ್ಟೇ ಕಾಣುವ ನಕ್ಷತ್ರದ ಅಂಚಿನ ಮೇಲೆ ಪೆನ್ಸಿಲ್ ಓಡಿಸುವವನು ಮೊದಲ ಸುತ್ತಿನಲ್ಲಿ ತಡವರಿಸುತ್ತಾನೆ. ಸುತ್ತುಗಳು ಕಳೆದಂತೆ ಹಿಡಿಯುವ ಕಾಲವೂ ತಪ್ಪುಗಳೂ ಮೊದಲು ಬೇಗಬೇಗನೆ, ಬಳಿಕ ನಿಧಾನವಾಗಿ ಇಳಿಯುತ್ತವೆ. ಹಾಗಾದರೆ ಬುದ್ಧಿಯ ಗುರುತು ಮೊದಲ ಅಂಕದಲ್ಲಿದೆಯೋ, ಕೊನೆಯದರಲ್ಲಿದೆಯೋ, ಅಥವಾ ಇಳಿಕೆಯ ವೇಗದಲ್ಲಿದೆಯೋ? ಸರಾಸರಿ ಈ ಪ್ರಶ್ನೆಯನ್ನೇ ಮರೆಮಾಡುತ್ತದೆ. ಚಲನಾತ್ಮಕ ಕಲಿಕೆಯಲ್ಲಿ ಬುದ್ಧಿಯ ಪಾತ್ರವನ್ನು ಕುರಿತ ಗೋಪಾಲಸ್ವಾಮಿಯವರ ಲೇಖನ 1924ರಲ್ಲಿ ‘ಬ್ರಿಟಿಷ್ ಜರ್ನಲ್ ಆಫ್ ಸೈಕಾಲಜಿ’ಯಲ್ಲಿ ಪ್ರಕಟವಾಯಿತು. ಅಭ್ಯಾಸವನ್ನು ಅಳತೆಯ ದೋಷವೆಂದು ಬದಿಗಿಡದೆ ಅಧ್ಯಯನದ ವಸ್ತುವಾಗಿಸಿಕೊಂಡದ್ದು ಈ ಆಯ್ಕೆಯ ಮಹತ್ವ.

ಅದೇ ವರ್ಷ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನೋವಿಜ್ಞಾನ ವಿಭಾಗ ಅವರ ನೇತೃತ್ವದಲ್ಲಿ ಆರಂಭಗೊಂಡಿತು. ಚಿಕ್ಕಬಳ್ಳಾಪುರ ಸಮೀಪದ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರಲ್ಲಿ, ಸ್ಥಾಪನೆಯಾದ ವಿಶ್ವವಿದ್ಯಾನಿಲಯಕ್ಕೆ ಆಗ ಎಂಟು ವರ್ಷ. ಪಾಶ್ಚಾತ್ಯ ಬುದ್ಧಿಪರೀಕ್ಷೆಗಳನ್ನು ಇಲ್ಲಿನ ಪರಿಸರಕ್ಕೆ ಒಗ್ಗಿಸುವ ಕೆಲಸಕ್ಕೂ ಅವರು ಕೈಹಾಕಿದರು. ಇದು ಬರಿಯ ಅನುವಾದದ ಕೆಲಸವಲ್ಲ. ಅಂದು ಕೋಲಾರ ಜಿಲ್ಲೆಗೆ ಸೇರಿದ್ದ ಶಿಡ್ಲಘಟ್ಟದಲ್ಲಿ ರೇಷ್ಮೆಹುಳು ಸಾಕುವ ಮನೆಯ ಮಗುವಿಗೂ ಚಿಂತಾಮಣಿ, ಗೌರಿಬಿದನೂರುಗಳ ತೆಲುಗು ಮನೆಮಾತಿನ ಮಗುವಿಗೂ ಇಂಗ್ಲೆಂಡಿನ ಶಾಲೆಗಾಗಿ ರಚಿಸಿದ ಪ್ರಶ್ನೆ ಅಪರಿಚಿತವೇ. ಮೊದಲ ಯತ್ನದ ಕಡಿಮೆ ಅಂಕ ಮಗುವಿನ ಬುದ್ಧಿಯನ್ನಲ್ಲ, ಆ ಅಪರಿಚಿತತೆಯನ್ನೇ ಅಳೆದಿರಬಹುದು.

ಬಾನುಲಿ ಅವರ ಬಿಡುವಿನ ಹವ್ಯಾಸವೆಂಬ ಗ್ರಹಿಕೆ ಪೂರ್ಣ ಒಪ್ಪತಕ್ಕದ್ದಲ್ಲ. ಕೇಳಿಸಿಕೊಳ್ಳುವ ಮನಸ್ಸು ಅವರ ಅಧ್ಯಯನದ ಮನಸ್ಸೇ ಆಗಿತ್ತು. ಖಾಸಗಿ ನೆಲೆಯಲ್ಲಿ ಹುಟ್ಟಿದ ಆ ಕೇಂದ್ರವನ್ನು 1942ರಲ್ಲಿ ಮೈಸೂರು ಸಂಸ್ಥಾನ ವಹಿಸಿಕೊಂಡಿತು. ಅದರ ‘ಆಕಾಶವಾಣಿ’ ಎಂಬ ಹೆಸರು ಸ್ವಾತಂತ್ರ್ಯಾನಂತರ ಇಡೀ ದೇಶದ ಬಾನುಲಿಯದಾಯಿತು.