ಅಸ್ಸಾಮಿಗೆ ವಾಕ್ಚಿತ್ರವನ್ನಿತ್ತ ಜ್ಯೋತಿಪ್ರಸಾದ ಅಗರವಾಲರು

ಪ್ರತಿವರ್ಷವೂ ಜನವರಿ ೧೭ನೆಯ ದಿನವನ್ನು ಅಸ್ಸಾಮಿನ ಜನರು ಶಿಲ್ಪೀದಿವಸವೆಂದು ಆಚರಿಸುವರು. ೧೯೫೧ನೆಯ ಇಸವಿಯಲ್ಲಿ ಅದೇ ದಿನ ತೇಜಪುರದಲ್ಲಿ ಕಾಲಾಧೀನರಾದ ಜ್ಯೋತಿಪ್ರಸಾದ ಅಗರವಾಲರ ಸ್ಮರಣೆಯೇ ಇದಕ್ಕೆ ಕಾರಣವು. ಆ ನಾಡಿನಲ್ಲಿ ಕವಿಗೂ ಗಾಯಕನಿಗೂ ನಟನಿಗೂ ಶಿಲ್ಪಿಯೆಂಬ ಹೆಸರು ಸಲ್ಲುತ್ತದೆ. ಈ ಮೂರೂ ಆಗಿದ್ದವರು ಅಗರವಾಲರು. ಅಲ್ಲಿ ಮನೆಮನೆಗೂ ಪರಿಚಿತವಾದ ಈ ಹೆಸರನ್ನು ನಮ್ಮ ವಾಚಕರಲ್ಲಿ ಅನೇಕರು ಕೇಳಿರಲಾರರು. ಭರತಖಂಡದ ಐಕ್ಯವನ್ನು ಕುರಿತು ನಾವು ಸಭೆಸಭೆಗಳಲ್ಲಿ ಮಾತನಾಡುತ್ತೇವೆ. ಆದರೆ ಬ್ರಹ್ಮಪುತ್ರೆಯ ದಂಡೆಯ ಜನರು ಯಾವ ನುಡಿಯಲ್ಲಿ ಅಳುತ್ತಾರೆ, ಯಾವ ನುಡಿಯಲ್ಲಿ ಹಾಡುತ್ತಾರೆ ಎಂಬುದನ್ನು ವಿಚಾರಿಸುವುದಿಲ್ಲ. ಆದುದರಿಂದ ಈ ಮಹನೀಯರ ಚರಿತ್ರೆಯನ್ನು ನಮ್ಮ ವಾಚಕರ ಮುಂದಿಡುವುದು ಉಚಿತವೆಂದು ಭಾವಿಸುತ್ತೇವೆ.

ಅಗರವಾಲರ ಮೂಲ ಅಸ್ಸಾಮಲ್ಲ. ಅವರ ಮುತ್ತಾತನಾದ ನವರಂಗರಾಮನು ೧೮೧೧ರಲ್ಲಿ ರಾಜಸ್ಥಾನದಿಂದ ವ್ಯಾಪಾರಾರ್ಥವಾಗಿ ಅಲ್ಲಿಗೆ ಬಂದು, ಅಲ್ಲಿಯ ಹೆಣ್ಣನ್ನು ಮದುವೆಯಾಗಿ, ಅಲ್ಲಿಯೇ ನೆಲೆನಿಂತನು. ಪಿತಾಮಹ ಹರಿವಿಲಾಸ ಅಗರವಾಲರು ತೊಗಟೆಗಳಲ್ಲಿ ಅಡಗಿದ್ದ ಶಂಕರದೇವ ಮಾಧವದೇವರ ಭಕ್ತಿಗ್ರಂಥಗಳನ್ನು ಸ್ವಂತ ಹಣದಿಂದ ಅಚ್ಚುಹಾಕಿಸಿದರು. ತಂದೆಯ ಸೋದರರಾದ ಚಂದ್ರಕುಮಾರ ಅಗರವಾಲರು ೧೮೮೯ರಲ್ಲಿ ಕಲಕತ್ತೆಯಲ್ಲಿ ಆರಂಭವಾದ ಜೊನಾಕಿ ಪತ್ರಿಕೆಯ ಮೊದಲ ಸಂಪಾದಕರು. ಆ ಪತ್ರಿಕೆಯಿಂದಲೇ ನವೀನ ಅಸ್ಸಾಮೀ ಸಾಹಿತ್ಯವು ಉದಯಿಸಿತೆಂದು ಬಲ್ಲವರು ಎಣಿಸುತ್ತಾರೆ.

ಈ ಸೇವೆಯ ಬೆಲೆ ತಿಳಿಯಬೇಕಾದರೆ ಅಸ್ಸಾಮಿನ ಅಂದಿನ ಸ್ಥಿತಿಯನ್ನರಿಯಬೇಕು. ೧೮೩೬ರಿಂದ ೧೮೭೩ರವರೆಗೆ ಅಲ್ಲಿಯ ನ್ಯಾಯಸ್ಥಾನಗಳಲ್ಲಿಯೂ ಪಾಠಶಾಲೆಗಳಲ್ಲಿಯೂ ಸರಕಾರವು ನಡೆಸಿದ ಭಾಷೆ ಬಂಗಾಲಿ. ಅಸ್ಸಾಮಿಯು ಬಂಗಾಲಿಯ ಒಂದು ಗ್ರಾಮ್ಯರೂಪವೆಂದು ಅಧಿಕಾರಿಗಳು ನಂಬಿದ್ದರು. ಧಾರವಾಡ ಬೆಳಗಾವಿಗಳ ಶಾಲೆಗಳಲ್ಲಿ ಒಂದು ಕಾಲಕ್ಕೆ ಮರಾಠಿಯೇ ನಡೆದಿದ್ದುದನ್ನು ಬಲ್ಲ ಕನ್ನಡಿಗರಿಗೆ ಈ ನೋವನ್ನು ವಿವರಿಸಿ ಹೇಳಬೇಕಾದುದಿಲ್ಲ.

ಇಂತಹ ಮನೆತನದಲ್ಲಿ ಜ್ಯೋತಿಪ್ರಸಾದರು ೧೯೦೩ನೆಯ ಜೂನ್ ೧೭ರಂದು ತಾಮುಲಬಾರಿ ಎಂಬ ಚಹಾ ತೋಟದಲ್ಲಿ ಜನಿಸಿದರು. ಹದಿನಾಲ್ಕನೆಯ ವಯಸ್ಸಿನಲ್ಲಿಯೇ ಶೋಣಿತಕುಂವರಿ ಎಂಬ ನಾಟಕವನ್ನು ರಚಿಸಿದರು. ಅಸಹಕಾರದ ಕರೆ ಬಂದಾಗ ಓದನ್ನು ಬದಿಗಿಟ್ಟರು. ೧೯೨೬ರಲ್ಲಿ ಎಡಿನ್‌ಬರೊ ವಿಶ್ವವಿದ್ಯಾಲಯಕ್ಕೆ ಹೋದರಾದರೂ ಪದವಿಯನ್ನು ಪೂರೈಸದೆ ಜರ್ಮನಿಗೆ ತೆರಳಿ, ಬರ್ಲಿನ್ನಿನ ಪ್ರಸಿದ್ಧವಾದ ಉಫಾ ಚಿತ್ರಾಲಯದಲ್ಲಿ ಹಿಮಾಂಶು ರಾಯರ ಪರಿಚಯದಿಂದ ಕೆಲವು ತಿಂಗಳು ಚಿತ್ರನಿರ್ಮಾಣವನ್ನು ಅಭ್ಯಸಿಸಿದರು. ೧೯೩೦ರಲ್ಲಿ ಸ್ವದೇಶಕ್ಕೆ ಮರಳಿ ಚಳವಳಿಗೆ ಇಳಿದರು. ೧೯೩೨ರಲ್ಲಿ ಹದಿನೈದು ತಿಂಗಳ ಕಾರಾಗೃಹವಾಸದ ಶಿಕ್ಷೆ ಒದಗಿತು.

ಸೆರೆಮನೆಯಿಂದ ಹೊರಬಿದ್ದ ಬಳಿಕ ಅವರು ಕೈಗೊಂಡುದೇ ಅಸ್ಸಾಮೀ ಭಾಷೆಯ ಮೊದಲ ವಾಕ್ಚಿತ್ರ. ಕಥೆಗಾಗಿ ಅವರು ಪುರಾಣವನ್ನು ಹುಡುಕಲಿಲ್ಲ. ಲಕ್ಷ್ಮೀನಾಥ ಬೆಜಬರುವಾ ಅವರ ನಾಟಕವನ್ನು ಆಧಾರವಾಗಿಟ್ಟುಕೊಂಡು ನಾಡಿನ ಚರಿತ್ರೆಯಿಂದಲೇ ಜಯಮತಿಯನ್ನು ಆರಿಸಿದರು. ಹದಿನೇಳನೆಯ ಶತಮಾನದಲ್ಲಿ ಲೊರಾ ರಾಜನೆಂಬ ಎಳೆಯ ಆಹೋಮ ದೊರೆಯು ತನ್ನ ಸಿಂಹಾಸನಕ್ಕೆ ಸ್ಪರ್ಧಿಗಳಾಗಬಹುದಾದ ರಾಜಕುಮಾರರನ್ನು ಅಂಗಹೀನರನ್ನಾಗಿ ಮಾಡಿಸುತ್ತಿದ್ದನು. ಊನವುಳ್ಳವನಿಗೆ ಪಟ್ಟವಿಲ್ಲವೆಂಬುದು ಅಲ್ಲಿಯ ನಿಯಮ. ಗದಾಪಾಣಿಯೆಂಬ ರಾಜಕುಮಾರನು ನಾಗಾ ಬೆಟ್ಟಗಳಿಗೆ ತಪ್ಪಿಸಿಕೊಂಡು ಹೋದನು. ಅವನ ಪತ್ನಿಯಾದ ಜಯಮತಿಯನ್ನು ಬಯಲಿನಲ್ಲಿ ಕಟ್ಟಿಹಾಕಿ ದಿನಗಟ್ಟಲೆ ಹಿಂಸಿಸಿದರೂ ಆಕೆಯು ಗಂಡನಿರುವ ಎಡೆಯನ್ನು ಹೇಳದೆ ಪ್ರಾಣಬಿಟ್ಟಳು. ಗದಾಪಾಣಿಯು ೧೬೮೧ರಲ್ಲಿ ದೊರೆಯಾದನು. ಮಗನಾದ ರುದ್ರಸಿಂಹನು ತಾಯಿಯ ನೆನಪಿಗಾಗಿ ಜಯಸಾಗರವೆಂಬ ಮಹಾ ತಟಾಕವನ್ನು ಕಟ್ಟಿಸಿದನು. ಬಾಯಿಬಿಡದ ಈ ಹೆಂಗಸಿನ ಕಥೆಯು ಸೆರೆಮನೆ ಕಂಡುಬಂದ ಅಂದಿನ ಪ್ರೇಕ್ಷಕರಿಗೆ ಏನನ್ನು ತಿಳಿಸಿರಬೇಕೆಂಬುದನ್ನು ವಾಚಕರೇ ಊಹಿಸಬಹುದು.

ಆ ದಿನಗಳಲ್ಲಿ ಅನೇಕ ಭಾಷೆಗಳ ವಾಕ್ಚಿತ್ರಗಳು ಪರಸ್ಥಳಗಳಲ್ಲಿಯೇ ಸಿದ್ಧವಾಗುತ್ತಿದ್ದುವು. ೧೯೩೪ರಲ್ಲಿ ಬಿಡುಗಡೆಯಾದ ನಮ್ಮ ಸತಿ ಸುಲೋಚನವಾದರೂ ಕೊಲ್ಹಾಪುರದಲ್ಲಿ ತಯಾರಾದುದು. ಹಣ ಹಾಕಿದವರು ಮಾರವಾಡಿ ವರ್ತಕರು, ನಿರ್ದೇಶಿಸಿದವರು ತೆಲುಗರು. ಜ್ಯೋತಿಪ್ರಸಾದರು ಮಾತ್ರ ತಮ್ಮ ಮನೆತನದ ಭೋಲಾಗುರಿ ಚಹಾ ತೋಟದಲ್ಲಿಯೇ ಚಿತ್ರವನವೆಂಬ ಚಿತ್ರಾಲಯವನ್ನು ಹೂಡಿದರು. ಬಯಲಿನಲ್ಲೊಂದು ಜಗಲಿ, ಸುತ್ತಲೂ ಬಿದಿರಿನ ತಟ್ಟಿ, ಬೆಳಕಿಗೆ ಸೂರ್ಯನಾರಾಯಣನು. ಆಹೋಮರ ಕಾಲದ ಉಡಿಗೆ, ತೊಡಿಗೆ, ಪಾತ್ರೆ ಪದಾರ್ಥಗಳನ್ನು ಹುಡುಕಿ ತರಿಸಿದರು. ಹಳ್ಳಿಗಳಲ್ಲಿ ಅಲೆದು ನಟರನ್ನು ಕೂಡಿಸಿದರು. ನಾಡಿನ ಬಿಹು ಹಾಡುಗಳ ಧಾಟಿಗಳನ್ನು ಬಳಸಿ ತಾವೇ ಸಂಗೀತವನ್ನು ಅಳವಡಿಸಿದರು.

ಸಂಕಲನಕ್ಕಾಗಿ ಚಿತ್ರವನ್ನು ಲಾಹೋರಿಗೆ ಒಯ್ದಾಗ ದೊಡ್ಡ ಆಘಾತವೊದಗಿತು. ಧ್ವನಿಯ ಬಹುಭಾಗವು ಕೆಟ್ಟುಹೋಗಿತ್ತು. ನಟರನ್ನೆಲ್ಲ ಅಸ್ಸಾಮಿನಿಂದ ಅಷ್ಟು ದೂರ ಮತ್ತೆ ಕರೆಸಲು ಹಣವಿರಲಿಲ್ಲ. ಆಗ ಜ್ಯೋತಿಪ್ರಸಾದರು ಗಂಡುಪಾತ್ರ ಹೆಣ್ಣುಪಾತ್ರಗಳೆಂಬ ಭೇದವೆಣಿಸದೆ ಮಾತುಗಳನ್ನು ತಾವೊಬ್ಬರೇ ಆಡಿ ಮುದ್ರಿಸಿದರು. ಚಿತ್ರವು ೧೯೩೫ನೆಯ ಮಾರ್ಚ್ ೧೦ರಂದು ಕಲಕತ್ತೆಯಲ್ಲಿ ಬೆಜಬರುವಾ ಅವರ ಹಸ್ತದಿಂದ ಉದ್ಘಾಟನೆಗೊಂಡು, ಅದೇ ತಿಂಗಳು ಗುವಾಹಾಟಿಯಲ್ಲಿಯೂ ಪ್ರದರ್ಶಿತವಾಯಿತು. ಅಸ್ಸಾಮಿನಲ್ಲಿ ಅಂದು ಚಿತ್ರಮಂದಿರಗಳು ಬೆರಳೆಣಿಕೆಯಷ್ಟು. ಹಾಕಿದ ಹಣದಲ್ಲಿ ಅರ್ಧವೂ ಹಿಂದಿರುಗಲಿಲ್ಲ. ಈ ನಷ್ಟದ ನಡುವೆಯೂ ೧೯೩೯ರಲ್ಲಿ ಅವರು ಇಂದ್ರಮಾಲತಿ ಎಂಬ ಎರಡನೆಯ ಚಿತ್ರವನ್ನು ತೆಗೆದರು. ಅದರಲ್ಲಿ ಹಾಡಿ ನಟಿಸಿದ ಬಾಲಕನೇ ಮುಂದೆ ದೇಶವಿಖ್ಯಾತರಾದ ಭೂಪೇನ ಹಜಾರಿಕಾ.

ಇಲ್ಲಿ ಒಂದು ಕಹಿ ಸಂಗತಿಯನ್ನು ಮರೆಮಾಚುವುದು ನ್ಯಾಯವಲ್ಲ. ಜಯಮತಿಯ ಪಾತ್ರ ವಹಿಸಿದ ಆಯಿದೇವು ಹಂದಿಕೈ ಎಂಬವಳು ಗೋಲಾಘಾಟ ಸೀಮೆಯ ಹಳ್ಳಿಯ ಹುಡುಗಿ. ಅಸ್ಸಾಮೀ ಚಿತ್ರಗಳ ಪ್ರಥಮ ನಟಿ. ಪರಪುರುಷನನ್ನು ತೆರೆಯ ಮೇಲೆ ಪತಿಯೆಂದು ಸಂಬೋಧಿಸಿದಳೆಂಬ ಅಪರಾಧಕ್ಕಾಗಿ ಊರವರು ಆಕೆಯನ್ನು ಬಹಿಷ್ಕರಿಸಿದರು. ಮದುವೆಯೆಂಬುದು ಆಕೆಗೆ ಒದಗಲೇ ಇಲ್ಲ. ಮಾನಸನ್ಮಾನಗಳು ಬಂದುದು ಮುಪ್ಪಿನಲ್ಲಿ. ೨೦೦೨ರಲ್ಲಿ ಆಕೆ ತೀರಿಕೊಂಡಳು. ಸತ್ತ ಜಯಮತಿಯನ್ನು ಪೂಜಿಸುವ ಸಮಾಜವು ಜಯಮತಿಯಾಗಿ ನಿಂತ ಹುಡುಗಿಯನ್ನು ಹೊರಗಿಟ್ಟಿತು. ಜ್ಯೋತಿಪ್ರಸಾದರು ತೆತ್ತುದು ಹಣ; ಆಕೆ ತೆತ್ತುದು ಬಾಳು. ಒಂದು ಭಾಷೆಯ ಕಲೆಯ ಲೆಕ್ಕವನ್ನು ಬರೆಯುವಾಗ ಈ ಎರಡನೆಯ ಬಾಬನ್ನು ನಾವು ಸಾಮಾನ್ಯವಾಗಿ ಬಿಟ್ಟುಬಿಡುತ್ತೇವೆ.

೧೯೪೨ರ ಚಳವಳಿಯಲ್ಲಿ ಜ್ಯೋತಿಪ್ರಸಾದರು ಭೂಗತರಾಗಿ ಕೆಲಸಮಾಡಿದರು. ಆ ಕಾಲದ ಅನುಭವಗಳಿಂದ ಲಭಿತಾ ಎಂಬ ನಾಟಕವು ಹುಟ್ಟಿತು. ಸ್ವಾತಂತ್ರ್ಯ ಬಂದ ಮೇಲೆ ಬಹುಕಾಲ ಬದುಕಲಿಲ್ಲ. ನಲವತ್ತೆಂಟು ತುಂಬುವ ಮುನ್ನವೇ ಅರ್ಬುದರೋಗವು ಅವರನ್ನು ಒಯ್ದಿತು. ಅವರ ಗೀತೆಗಳು ಜ್ಯೋತಿಸಂಗೀತವೆಂಬ ಹೆಸರಿನಲ್ಲಿ ಇಂದಿಗೂ ಹಾಡಲ್ಪಡುತ್ತಿವೆ. ಜಯಮತಿಯ ಸುರುಳಿಗಳು ಮಾತ್ರ ಎಲ್ಲಿಯೋ ಮರೆತುಹೋಗಿ, ೧೯೭೦ರ ದಶಕದಲ್ಲಿ ಮನೆತನದವರ ಕೈಗೆ ಕೆಲವು ಸಿಕ್ಕುವು. ಉಳಿದವು ಕಾಲನ ಪಾಲಾದುವು.

ಅವರ ಬಿತ್ತನೆಯು ವ್ಯರ್ಥವಾಗಲಿಲ್ಲ. ಜಾಹ್ನು ಬರುವಾ ಅವರ ಹಲಧಿಯಾ ಚರಾಯೇ ಬಾವಧಾನ ಖಾಯ್ ಎಂಬ ಚಿತ್ರವೂ, ರೀಮಾ ದಾಸರ ವಿಲೇಜ್ ರಾಕ್‌ಸ್ಟಾರ್ಸ್ ಎಂಬ ಚಿತ್ರವೂ ರಾಷ್ಟ್ರದ ಅತ್ಯುತ್ತಮ ಚಿತ್ರವೆಂಬ ಪ್ರಶಸ್ತಿಗೆ ಪಾತ್ರವಾದುವು. ಇಂದು ಅಡಿಬರಹದ ನೆರವಿನಿಂದ ಇಂತಹ ಚಿತ್ರಗಳನ್ನು ಬೆಂಗಳೂರು ಹುಬ್ಬಳ್ಳಿಗಳಲ್ಲಿ ಕುಳಿತೇ ನೋಡುವುದು ಸಾಧ್ಯವಾಗಿದೆ. ಅನ್ಯಭಾಷೆಯ ಕಾವ್ಯವನ್ನು ಸವಿಯಬೇಕಾದರೆ ವರ್ಷಗಟ್ಟಲೆ ಅಭ್ಯಾಸ ಬೇಕು. ಚಿತ್ರಕ್ಕಾದರೋ ಎರಡು ಗಂಟೆಯ ಸಹನೆ ಸಾಕು. ಅಲ್ಲಿಯ ಗದ್ದೆ, ಅಲ್ಲಿಯ ಮಳೆ, ಅಲ್ಲಿಯ ತಾಯಿ ಮಗಳನ್ನು ಗದರಿಸುವ ರೀತಿ ಇವೆಲ್ಲ ಭೂಗೋಳದ ಪುಸ್ತಕದಲ್ಲಿ ಸಿಕ್ಕುವ ವಸ್ತುಗಳಲ್ಲ.

ಮಾರವಾಡದಿಂದ ಬಂದ ಕುಲವು ಮೂರು ತಲೆಗಳಲ್ಲಿ ಅಸ್ಸಾಮಿಗೆ ಗ್ರಂಥವನ್ನೂ ಪತ್ರಿಕೆಯನ್ನೂ ಚಿತ್ರವನ್ನೂ ಕೊಟ್ಟಿತು. ಅಸ್ಸಾಮಿನವರು ಜ್ಯೋತಿಪ್ರಸಾದರನ್ನು ರೂಪಕುಂವರ, ಎಂದರೆ ಸೌಂದರ್ಯದ ರಾಜಕುಮಾರ, ಎಂದು ಕರೆದು ತಮ್ಮವರನ್ನಾಗಿ ಮಾಡಿಕೊಂಡರು. ನಮ್ಮ ನಾಡಿನಲ್ಲಿ ಬಂದು ನೆಲಸಿದವರೂ ಅವರಿಗೆ ನೆರೆಯಾದ ನಾವೂ ಈ ಉದಾಹರಣೆಯನ್ನು ಮನಸ್ಸಿನಲ್ಲಿಡತಕ್ಕದ್ದು. ನಮ್ಮ ಚಿತ್ರಸಂಘಗಳು ಬರುವ ಜನವರಿ ೧೭ರಂದು ಒಂದು ಅಸ್ಸಾಮೀ ಚಿತ್ರವನ್ನು ತೋರಿಸುವುದಾದರೆ ಅದಕ್ಕಿಂತ ಉಚಿತವಾದ ಸ್ಮರಣೆ ಬೇರೊಂದಿಲ್ಲ.